ಸುಂಕಮ್ಮ ಬೇಡವೆಂದ ಕಲ್ಲು

ಬಂದರು ಕಟ್ಟಲು ಕಲ್ಲು ಕೊಟ್ಟ ಒಂದು ಗುಡ್ಡವಿತ್ತು. ಬಯಲುಸೀಮೆಯಿಂದ ಬಂದವರು ಅಲ್ಲಿ ಕಲ್ಲು ಒಡೆಯುತ್ತಿದ್ದರು. ಆ ಕ್ವಾರಿಯಲ್ಲೊಂದು ಕಟ್ಟಳೆ: ಕಲ್ಲು ಕಡಿದವನು ತಾನೇ ಅದನ್ನು ಪರೀಕ್ಷಿಸುವಂತಿಲ್ಲ. ಬೇರೆಯವರು ಸುತ್ತಿಗೆಯಿಂದ ತಟ್ಟಿ ಕಿವಿಗೊಡಬೇಕು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ದಬ್ ಎನ್ನುತ್ತದೆ. ಆದರೆ ಸ್ವಂತ ಕಲ್ಲು ಯಾರ ಕಿವಿಗೂ ಠಣ್ ಎಂದೇ ಕೇಳುತ್ತದೆ, ಅವರವರ ಮಕ್ಕಳ ಹಾಡಿನ ಹಾಗೆ.

ತಟ್ಟಿ ನೋಡುವ ಕೆಲಸ ಸುಂಕಮ್ಮನದು. ಕಡಿಯುವವರಲ್ಲಿ ಮೊದಲಿಗ ಅವಳ ಗಂಡ, ಓಬಳಪ್ಪ ಮೇಸ್ತ್ರಿ.

ಬಂದರನ್ನು ಅಲೆಯಿಂದ ಕಾಯಲು ಕಡಲೊಳಗೆ ಚಾಚಿದ ಗೋಡೆ ಮುಗಿಯುತ್ತ ಬಂದಿತ್ತು. ಅದರ ತುದಿಗೆ, ಅಲೆ ಬಂದು ಮೊದಲು ಗುದ್ದುವ ಜಾಗಕ್ಕೆ, ಒಂದೇ ಒಂದು ದೊಡ್ಡ ಕಲ್ಲು ಬೇಕಿತ್ತು. ಓಬಳಪ್ಪ ಇಪ್ಪತ್ತು ದಿನ ಹೆಣಗಿ ಅದನ್ನು ಕಡಿದ. ಮಳೆಗಾಲಕ್ಕೆ ಇನ್ನು ಹತ್ತೇ ದಿನ. ಇಡೀ ಕ್ವಾರಿ ನೋಡಲು ನೆರೆಯಿತು.

ಸುಂಕಮ್ಮ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು.

"ಇದು ಬ್ಯಾಡ, ಮೇಸ್ತ್ರಿ." ಕ್ವಾರಿಯಲ್ಲಿ ಅವಳು ಗಂಡನನ್ನು ಹಾಗೇ ಕರೆಯುತ್ತಿದ್ದಳು.

"ಬೆಳಿಗ್ಗೆ ಮುದ್ದೆ ಗಂಟಾಗಿದೆ ಅಂದಿದ್ದಕ್ಕೆ ಸೇಡೇನೇ ಇದು?"

ಜನ ನಕ್ಕರು. ಸುಂಕಮ್ಮ ನಗಲಿಲ್ಲ.

"ಮುದ್ದೆ ಗಂಟಾದರೆ ನೀನೊಬ್ಬ ನುಂಗ್ತೀಯ. ಗೋಡೆ ಒಡೆದರೆ ಒಳಗೆ ನಿಂತ ದೋಣಿಯವರನ್ನೆಲ್ಲ ಕಡಲು ನುಂಗ್ತದೆ."

ಓಬಳಪ್ಪನ ಮುಖ ಕಪ್ಪಿಟ್ಟಿತು. ಅವನ ಪರವಾಗಿ ಬಂದರು ಕಟ್ಟಿಸುತ್ತಿದ್ದ ಇಂಜಿನಿಯರ್ ಸಾಹೇಬರೇ ಬಾಯಿ ಹಾಕಿದರು: "ಇಷ್ಟು ಚಂದದ ಕಲ್ಲು! ಸಾಗಿಸಿಬಿಡಿ. ನೀರಲ್ಲಿ ಯಾರು ನೋಡ್ತಾರೆ?"

ಆ ಮಾತು ಅವನಿಗೆ ಹೆಂಡತಿಯ ಮಾತಿಗಿಂತ ಹೆಚ್ಚು ಚುಚ್ಚಿತು.

"ಅಲೆ ನೋಡ್ತದೆ, ಸ್ವಾಮಿ" ಎಂದವನೇ ಕಲ್ಲಿಗೆ ಬೆಣೆ ಇಟ್ಟು ಸುತ್ತಿಗೆ ಎತ್ತಿದ. ಗಟ್ಟಿ ಕಲ್ಲಾದರೆ ಸಾಲಾಗಿ ಹತ್ತಾರು ಬೆಣೆ ಬೇಕು. ಇದು ಒಂದೇ ಬೆಣೆಗೆ, ಮೂರನೇ ಪೆಟ್ಟಿಗೆ ಎರಡು ಹೋಳಾಯಿತು. ಒಳಗೆ ಕೂದಲೆಳೆಯಷ್ಟು ಸಣ್ಣ, ಹಳೆಯ ಬಿರುಕು.

"ಒಳ್ಳೇ ಕಿವಿ ಕಣೇ ನಿಂದು."

"ಮನೇಲೂ ಇದು ನೆನಪಿರಲಿ."

ಆಮೇಲೆ ಇಡೀ ಕ್ವಾರಿ ಕೈ ಸೇರಿಸಿ ಒಂಬತ್ತೇ ದಿನದಲ್ಲಿ ಇನ್ನೊಂದು ಕಲ್ಲು ಕಡಿಯಿತು. ನೋಡಲು ಅಡ್ಡಾದಿಡ್ಡಿ, ತಟ್ಟಿದರೆ ಠಣ್. ಅದು ಗೋಡೆಯ ತುದಿಯಲ್ಲಿ ಕೂತ ಮರುದಿನವೇ ಮಳೆ ಹಿಡಿಯಿತು.

ಒಡೆದ ಹೋಳೂ ವ್ಯರ್ಥವಾಗಲಿಲ್ಲ. ಹೊಳಪು ಕೊಟ್ಟು, ಬಂದರು ಉದ್ಘಾಟಿಸಿದ ದೊಡ್ಡವರ ಹೆಸರನ್ನು ಅದರ ಮೇಲೆ ಕೆತ್ತಿಸಿದರು. ಹೆಸರು ಹೊರಲು ಅಷ್ಟು ಗಟ್ಟಿತನ ಸಾಕಿತ್ತು.

ಈಗ ಅಲ್ಲಿ ಗುಡ್ಡವಿಲ್ಲ, ಆಳದ ಹೊಂಡವಿದೆ. ಕ್ವಾರಿಯವರ ಮೊಮ್ಮಕ್ಕಳು ಬಂದವರಿಗೆ ಅದನ್ನು ತೋರಿಸಿ, "ನಮ್ಮ ಗುಡ್ಡ ಕಡಲಲ್ಲಿ ನಿಂತಿದೆ" ಎನ್ನುತ್ತಾರೆ. ಎಷ್ಟೋ ಮಳೆಗಾಲ ಕಳೆದವು. ನಿಂತೇ ಇದೆ.

ನೀತಿ: ನಮ್ಮ ಕೆಲಸದ ಮೇಲೆ ಹೆಮ್ಮೆ ಇರಲಿ. ಅದನ್ನು ತಟ್ಟಿ ನೋಡಲು ಇನ್ನೊಬ್ಬರ ಕೈಗೆ ಸುತ್ತಿಗೆ ಕೊಡುವ ಧೈರ್ಯವೂ ಇರಲಿ. ಆಗಲೇ ಆ ಹೆಮ್ಮೆ ಅಲೆಯೆದುರು ನಿಲ್ಲುತ್ತದೆ.