ಹಳೇ ರೇಸಿಗೊಂದು ಕಂಪ್ಯೂಟರ್

ಮದುವೆಗೆ ಮುಂಚೆ ಇಬ್ಬರೂ ಸೈಬರ್ ಸೆಂಟರಿನಲ್ಲಿ ಆಡುತ್ತಿದ್ದ ಕಾರ್ ರೇಸ್ ಗೇಮಿನಲ್ಲಿ ಗಂಡನನ್ನು ಒಮ್ಮೆಯಾದರೂ ಸೋಲಿಸಬೇಕೆಂದು ಟೈಲರ್ ಪಂಕಜಾಕ್ಷಿಗೆ ಆಸೆ. ಅಗ್ಗದ ಕಂಪ್ಯೂಟರ್ ಜೋಡಿಸಿಕೊಡಿ ಎಂದು ವಿರೂಪಾಕ್ಷನ ಕಂಪ್ಯೂಟರ್ ಅಂಗಡಿಗೆ ಹೋದಳು.

ವಿರೂಪಾಕ್ಷ ಮೂಗು ಮುರಿದ. "ನನ್ನ ಅಂಗಡಿ ಮರ್ಯಾದೆ ಏನಾಗಬೇಕು ಅಕ್ಕಾ? ಗೇಮ್ ಅಂದಮೇಲೆ ಈ ಹೊಸ ಮಾಡೆಲ್ಲೇ ಬೇಕು. ಇಲ್ಲದಿದ್ರೆ ಆ ಕಾರು ಅಲ್ಲಾಡೋದೂ ಇಲ್ಲ."

"ನೀವು ಆ ಆಟ ಆಡಿಲ್ಲ ಅನ್ಸುತ್ತೆ."

"ಯಾರು, ನಾನಾ? ಕಾಲೇಜಿಗೇ ಚಾಂಪಿಯನ್ ಆಗಿದ್ದೆ!"

"ಯಾವ ಕಂಪ್ಯೂಟರಿನಲ್ಲಿ?"

ವಿರೂಪಾಕ್ಷನ ಕಣ್ಣು ತಾನಾಗಿ ಅಟ್ಟದ ಕಡೆ ಹೋಯಿತು. ನಗುತ್ತಾ ಏಣಿ ಹಾಕಿ ತನ್ನ ಹಳೇ ಕಂಪ್ಯೂಟರ್ ಇಳಿಸಿದ. ಧೂಳು ಒರೆಸಿ, ಪರೀಕ್ಷೆಗೆಂದು ಆಟ ಹಾಕಿ ಕೂತ.

"ಓಡ್ತಾ ಇದೆಯಲ್ಲ, ಕೊಡಿ," ಎಂದಳು ಪಂಕಜಾಕ್ಷಿ.

"ಇದೊಂದು ರೇಸ್ ಮುಗಿಸ್ತೀನಿ ಅಕ್ಕಾ."

ಆಕೆಗೆ ಟೀ ತರಿಸಿದ, ಬೋಂಡಾ ತರಿಸಿದ. ಕಂಪ್ಯೂಟರ್ ಮಾತ್ರ ಅಂಗಡಿ ಮುಚ್ಚುವವರೆಗೂ ಕೊಡಲಿಲ್ಲ.