ಮೂರು ಎಲೆಯ ಬುಧವಾರ

ಎಲ್ಲರೂ ಕೂತಿರಾ? ದೀಪದ ಬತ್ತಿ ಮುಂದೆ ಮಾಡಿ, ಶಿಲುಬೆ ಗುರುತು ಹಾಕಿಕೊಂಡು ಮನಸ್ಸಿಟ್ಟು ಕೇಳಿ.

ಕಲ್ಲುಗುಡಿಪಾಳ್ಯವೆಂಬ ಊರಿನಲ್ಲಿ ರೆಜಿನಮ್ಮನೆಂಬ ಗೃಹಿಣಿಯಿದ್ದಳು. ಗಂಡ ಚೌರಪ್ಪ ಬಡಗಿ, ಮಾತು ಕಡಿಮೆ, ಹಸಿವು ಜಾಸ್ತಿ. ಆಕೆ ಸಂತ ಜೋಸೆಫರ ಒಂಬತ್ತು ಬುಧವಾರದ ಹರಕೆ ಹೊತ್ತಳು. ಹಸಿದು ಬಂದ ಒಬ್ಬ ಮುದುಕ, ಒಬ್ಬ ಹೆಂಗಸು, ಒಂದು ಮಗು, ಈ ಮೂವರನ್ನು ಜೋಸೆಫರು, ಮರಿಯಮ್ಮ, ಬಾಲಯೇಸು ಎಂದು ಭಾವಿಸಿ, ಕಾಲು ತೊಳೆದು, ಮೂರು ಎಲೆ ಹಾಕಿ ಬಡಿಸಿ, ಆಮೇಲೆ ತಾನು ಉಣ್ಣಬೇಕು. ಇದೇ ಆ ಹರಕೆಯ ಕ್ರಮ.

ರೆಜಿನಮ್ಮನಿಗೆ ಹೊಸದಾಗಿ ಹಾಕಿಸಿದ ಕೆಂಪು ನೆಲದ ಮೇಲೆ ಬಲು ಮೋಹ. ಮಣ್ಣಿನ ಕಾಲಿನವರು ಯಾಕೆ ಎಂದು ಮೂರು ಎಲೆಯ ಮುಂದೆ ಜೋಸೆಫರ, ಮರಿಯಮ್ಮನ, ಬಾಲಯೇಸುವಿನ ಪಟ ನಿಲ್ಲಿಸಿ, ಪಾಯಸ ಬಡಿಸಿ, ಜಪಸರ ಹೇಳಿ, ಎಲ್ಲವನ್ನೂ ತಾನೂ ಗಂಡನೂ ಉಂಡು ಮುಗಿಸಿದಳು. ನಂಬಿಕೆಯೊಂದಿದ್ದರೆ ಸಾಕು, ನನಗೆ ಮೋಕ್ಷ ಖಂಡಿತವೆಂದು ನಲ್ಲಿಯ ಹತ್ತಿರ ಸಾರಿದಳು. ಎಂಟನೆಯ ಬುಧವಾರ ಕುಂಬಾರ ಮುತ್ತಪ್ಪ, ಸೊಸೆ, ಮೊಮ್ಮಗಳು ಹಸಿದು ಬಾಗಿಲಿಗೆ ಬಂದರೆ, "ಹೋಗಿ ಬನ್ನಿ, ದೇವರು ನಿಮ್ಮ ಹೊಟ್ಟೆ ತುಂಬಿಸಲಿ" ಎಂದು ಹರಸಿ ಬಾಗಿಲು ಹಾಕಿಕೊಂಡಳು. ಅಯ್ಯೋ ಪುಣ್ಯಾತಗಿತ್ತಿ!

ಅಂದಿನಿಂದ ಅವಳ ಜಪ ಬಾಯಲ್ಲೇ ಒಣಗಿತು, ಪಾಯಸ ರುಚಿಸಲಿಲ್ಲ. ನಾನು ಹಾಕಿದ ಹಾಗೆಯೇ ಪ್ರಭುವೂ ಬಾಗಿಲು ಹಾಕಿಬಿಟ್ಟರೆ ಎಂದು ಎದೆ ಹೊಡೆದುಕೊಂಡಿತು. ಎಡಕ್ಕೆ ಬಿದ್ದವಳು ಎದ್ದು ಬಲಕ್ಕೆ ಬಿದ್ದಳು. ದಾರಿಹೋಕರನ್ನು ಕೈಹಿಡಿದು ಎಳೆತಂದು, ಬೇಡವೆಂದರೂ ಬಡಿಸಿ, "ಈಗ ನನಗೆ ಮೋಕ್ಷ ಸಿಕ್ಕಿತಾ?" ಎಂದು ಕೇಳಿದಳು. ಬಳೆಗಾರನೊಬ್ಬ ಮೂರನೆಯ ಸಲ ಅನ್ನ ಕಂಡು ಓಟ ಕಿತ್ತ. ಚೌರಪ್ಪ ಮಾತ್ರ ಎರಡು ಹೊತ್ತೂ ಸುಖವಾಗಿ ಉಂಡ.

ಕೊನೆಗೆ ಆಕೆ ಅಳುತ್ತ ಗುರುಗಳ ಬಳಿ ಪಾಪನಿವೇದನೆ ಮಾಡಲು, ಅವರು ಕ್ಷಮೆಯ ಆಶೀರ್ವಾದ ಕೊಟ್ಟು, "ಮೋಕ್ಷ ಸಂತೆಯಲ್ಲಿ ಕೊಳ್ಳುವುದಲ್ಲಮ್ಮ, ದೇವರು ಕೊಡುವ ವರ. ವಿಶ್ವಾಸದಿಂದ ಕೈಚಾಚಿ ತೆಗೆದುಕೊ. ಆದರೆ ಪ್ರೀತಿಯ ಕೆಲಸವಿಲ್ಲದ ವಿಶ್ವಾಸ ಸತ್ತ ವಿಶ್ವಾಸ" ಎಂದರು.

ರೆಜಿನಮ್ಮ ನೆಟ್ಟಗೆ ಕುಂಬಾರಗೇರಿಗೆ ನಡೆದು, ತಪ್ಪಾಯಿತು ಮಾವ ಎಂದು ಮುತ್ತಪ್ಪನ ಕಾಲು ಹಿಡಿದು, ಮೂವರನ್ನೂ ಕರೆತಂದು, ಕಾಲು ತೊಳೆದು ಬಡಿಸಿದಳು. ಮಗು ಹಾಡುತ್ತ ಉಂಡಿತು, ಮುತ್ತಪ್ಪ ನಗೆಚಟಾಕಿ ಹಾರಿಸಿದ, ಮನೆ ಮದುವೆಮನೆಯಾಯಿತು. ಅವಳ ಜಪಕ್ಕೆ ಮತ್ತೆ ಜೀವ ಬಂತು.

ಹರಕೆಯನ್ನು ಮತ್ತೆ ಮೊದಲಿನಿಂದ ಹಿಡಿದು ಒಂಬತ್ತು ವಾರ ಕ್ರಮವಾಗಿ ಮುಗಿಸಿ ಆಕೆ ಗುರುಗಳನ್ನು ಕೇಳಿದಳು: "ಈಗಲಾದರೂ ಮೋಕ್ಷ ಖಂಡಿತವೇ ಸ್ವಾಮಿ?"

"ದೇವರು ಕೊಟ್ಟ ಮಾತು ಖಂಡಿತ, ಅದನ್ನು ನಂಬಿ ಧೈರ್ಯವಾಗಿರು. ಕೊನೆಯತನಕ ನಾವು ಬೀಳದೆ ನಿಲ್ಲುತ್ತೇವೆಂಬ ಜಂಭ ಮಾತ್ರ ಬೇಡ. ಅದಿರಲಿ, ಮುಂದಿನ ಬುಧವಾರ ಅಡುಗೆ ಏನು?"

ರೆಜಿನಮ್ಮ ನಕ್ಕು ಮನೆಗೆ ಹೋಗಿ ಬೇಳೆ ನೆನೆಹಾಕಿದಳು. ಬದುಕಿರುವಷ್ಟು ಕಾಲ ಬಡಿಸಿ, ಭಯವೂ ಇಲ್ಲದೆ ಬೀಗುವಿಕೆಯೂ ಇಲ್ಲದೆ, ಪ್ರಭುವಿನ ಕೈಗೆ ತನ್ನನ್ನು ಒಪ್ಪಿಸಿ ಕಣ್ಣು ಮುಚ್ಚಿದಳು.

ಈ ಕಥೆ ಓದಿದವರಿಗೂ ಕೇಳಿದವರಿಗೂ ಅವಳಿಗಾದ ಸಮಾಧಾನವೇ ಆಗಲಿ. ಆದರೆ ಕೇಳಿ ಕೂತಲ್ಲೇ ಕೂತವರ ಮಾತು ನಾನು ಹೇಳಲಾರೆ. ಆಮೆನ್. ಏಳಿ, ಬಾಗಿಲಲ್ಲಿ ಮೂವರು ಕಾದಿದ್ದಾರೆ.