ಒಲೆಮನೆಯ ಕಸಬರಿಗೆ

ತುಂಗಭದ್ರೆಯ ದಂಡೆಯಲ್ಲಿ ಮರುಳಜ್ಜನ ಆಶ್ರಮ. ಅಲ್ಲಿ ಕಟ್ಟಿಗೆ ಸುಡುತ್ತಿರಲಿಲ್ಲ. ಬಿಸಿಲಿನಿಂದ ಕರೆಂಟು ಮಾಡಿ, ಆ ಕರೆಂಟಿನಿಂದ ಹೊಳೆಯ ನೀರನ್ನೇ ಒಡೆದು, ಅದರಿಂದ ಹೊರಟ ಹೈಡ್ರೋಜನ್ ಗ್ಯಾಸನ್ನು ಪೈಪಿನಲ್ಲಿ ಒಲೆಗೆ ತರುತ್ತಿದ್ದರು.

ಆ ಒಲೆಯ ಮಾತೇ ಬೇರೆ. ಹಂಡೆ ಇಟ್ಟವನು ಕೈ ತೆಗೆಯುವಷ್ಟರಲ್ಲಿ ಎಸರು ಕುದಿಯುತ್ತಿತ್ತು. ಏಳು ಊರಿನವರು ಉಂಡು ಎಂಟನೆಯ ಊರಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು.

ಒಲೆಮನೆಯ ಕೀಲಿ ಅಜ್ಜನ ಸೊಂಟದಲ್ಲಿ. ಅದು ತನ್ನ ಸೊಂಟಕ್ಕೆ ಬರಲಿ ಅಂತ ಶಿಷ್ಯ ಗಾದಿಲಿಂಗ ಆರು ವರ್ಷ ದುಡಿದಿದ್ದ. ಈ ಹುಣ್ಣಿಮೆಗೆ ಕೊಡುತ್ತೇನೆ ಅಂತ ಅಜ್ಜ ಹೇಳಿದ್ದ. ಹುಣ್ಣಿಮೆ ಬಂತು.

ಅಲ್ಲಿ ಒಂದು ಪದ್ಧತಿ. ಒಲೆಮನೆಗೆ ಹೋಗುವವರು ಒಣ ಕಸಬರಿಗೆಯನ್ನು ಮುಂದೆ ಚಾಚಿ, ಪೈಪಿನ ಉದ್ದಕ್ಕೂ ಗಾಳಿಯಲ್ಲಿ ಆಡಿಸುತ್ತ ನಡೆಯಬೇಕು. ಗಾದಿಲಿಂಗನಿಗೆ ಇದೇ ನಾಚಿಕೆ. ಅಡುಗೆಯ ಹಂಪಮ್ಮ ಅವನನ್ನು ಕಂಡಾಗೆಲ್ಲ, ಗಾಳಿಗೆ ಕಸ ಹೊಡೀತೀಯೇನೋ ತಮ್ಮಾ ಅಂತ ಕಿಚಾಯಿಸುತ್ತಿದ್ದಳು.

ಅವತ್ತು ಮಟಮಟ ಮಧ್ಯಾಹ್ನ ಅವನು ಕಸಬರಿಗೆಯನ್ನು ಗೋಡೆಗೆ ಒರಗಿಸಿ ಬರಿಗೈಯಲ್ಲಿ ಬಾಗಿಲಿಗೆ ನಿಂತ. ಕಣ್ಣಾಡಿಸಿದ. ಕಿವಿಗೊಟ್ಟ. ಮೂಗರಳಿಸಿದ. ಆ ಮೂಗೇನು ಸಾಮಾನ್ಯದ್ದೇ? ಆಚೆ ದಂಡೆಯಲ್ಲಿ ಮೆಣಸಿನಕಾಯಿ ಹುರಿದರೆ ಎಷ್ಟು ಕಾಯಿ ಅಂತ ಈಚೆ ದಂಡೆಯಲ್ಲಿ ನಿಂತು ಹೇಳುತ್ತಿತ್ತು.

"ಒಳಗ ಏನೈತಿ?" ಅಂತ ಹಿಂದೆ ನಿಂತಿದ್ದ ಅಜ್ಜ ಕೇಳಿದ.

"ಏನೂ ಇಲ್ರಿ ಅಜ್ಜಾರ. ಬೆಂಕಿ ಇಲ್ಲ, ವಾಸನಿ ಇಲ್ಲ, ಸಪ್ಪಳ ಇಲ್ಲ."

ಹೊಸ್ತಿಲು ದಾಟಲು ಕಾಲೆತ್ತಿದ. ಅಜ್ಜ ಹಿಂದಿನಿಂದ ಅವನ ಅಂಗಿ ಹಿಡಿದು ನಿಲ್ಲಿಸಿದ.

ಆಮೇಲೆ ಕಸಬರಿಗೆ ತೆಗೆದುಕೊಂಡು ಬಾಗಿಲ ಪಕ್ಕದ ಪೈಪಿನ ಕಡೆ ಚಾಚಿದ.

ಬರೀ ಗಾಳಿಯಲ್ಲಿ ಕಸಬರಿಗೆ ಭಗ್ಗನೆ ಹತ್ತಿಕೊಂಡಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಗಾದಿಲಿಂಗನ ಮುಖ ಸರಿಯಾಗಿ ಆ ಜಾಗದಲ್ಲಿ ಇರುತ್ತಿತ್ತು.

ಅಜ್ಜ ಹೊರಗಿನ ವಾಲ್ವ್ ತಿರುಗಿಸಿ ಗ್ಯಾಸು ನಿಲ್ಲಿಸಿದ. ಕಸಬರಿಗೆಯನ್ನು ನೀರಿಗೆ ಅದ್ದಿದ. ಬೈಯಲಿಲ್ಲ. ಪೈಪಿನ ಸಂದಿಯಲ್ಲಿ ಸೋರಿದ ಗ್ಯಾಸು ಹತ್ತಿಕೊಂಡು ಉರಿಯುತ್ತಿತ್ತು, ಹಗಲಿನಲ್ಲಿ ಆ ಉರಿ ಕಣ್ಣಿಗೆ ಬೀಳುವುದಿಲ್ಲ, ಮೈಗೆ ತಾಗುವ ತನಕ ಶಾಖವೂ ತಿಳಿಯುವುದಿಲ್ಲ ಅಂತ ಇಷ್ಟೇ ಹೇಳಿದ.

ಇನ್ನು ಜನ ಎಷ್ಟೇ ನಗಲಿ, ಕಸಬರಿಗೆ ಬಿಡುವುದಿಲ್ಲ ಅಂತ ಗಾದಿಲಿಂಗ ಅಜ್ಜನ ಕಾಲು ಮುಟ್ಟಿ ಹೇಳಿದ.

ಅಜ್ಜ ಸೊಂಟದ ಕೀಲಿ ಬಿಚ್ಚತೊಡಗಿದ.

ಗಾದಿಲಿಂಗನಿಗೆ ಅಷ್ಟರಲ್ಲಿ ಒಂದು ಯೋಚನೆ ಬಂತು.

"ಅಜ್ಜಾರ, ಕಸಬರಿಗಿ ಹಿಡಿಯೂಕಿಂತ ಮೊದಲೇ ನೀವು ನನ್ನ ಅಂಗಿ ಹಿಡಿದ್ರಿ. ಅಂದ್ರ ನಿಮಗ ಆ ಉರಿ ಬರಿಗಣ್ಣಿಗೇ ಕಾಣತೈತಿ. ಹಂಗ ಕಾಣಾಕ ನನಗ ಇನ್ನೆಷ್ಟು ವರ್ಷ ಬೇಕ್ರಿ?"

ಅಜ್ಜನ ಕೈ ನಿಂತಿತು. ಕೀಲಿಯನ್ನು ಮತ್ತೆ ಸೊಂಟಕ್ಕೆ ಬಿಗಿದುಕೊಂಡ. "ನಿನ್ನ ಕೈಯಾಗ ಕಸಬರಿಗಿ ಇರಲಿಲ್ಲ, ಅದಕ್ಕ ಹಿಡಿದೆ" ಅಂದ.

ಆಮೇಲೆ ಅಂಗಿಯ ಬಲತೋಳು ಮೇಲೇರಿಸಿದ. ಮಣಿಕಟ್ಟಿನಿಂದ ಮೊಳಕೈ ತನಕ ಚರ್ಮ ಸುಟ್ಟು ಮುದುಡಿತ್ತು.

"ಈ ಒಲಿಮನಿ ಹೊಕ್ಕ ಮೂವತ್ತನೇ ವರ್ಷಕ್ಕ ನನಗೂ ಕಾಣಾಕತ್ತೈತಿ ಅನ್ನಿಸಿತ್ತು."